ಬೇಡ ಎಂದವರ ಪಾಲು

ಟರ್ನ್ ಹಾರ್ಬರ್, ಅಲಾಸ್ಕಾ
ನವೆಂಬರ್ 18

ಅಪ್ಪ,

ಅಂಚೆ ವಿಮಾನ ನಾಳೆ ಹಾರುತ್ತದೆ ಎಂದು ಅಂಚೆ ಮನೆಯ ವರ್ನಾ ಹೇಳಿದಳು. ಅವಳ ಮಾತು ಗೊತ್ತಲ್ಲ, ಮೋಡದ ಮೇಲೆ ಬರೆದದ್ದು. ಆದರೂ ಬರೆಯುತ್ತಿದ್ದೇನೆ. ನಿನ್ನ ಕಿವಿಯನ್ನು ದೋಣಿಯ ಡೀಸೆಲ್ ಎಂಜಿನ್ ತಿಂದುಹಾಕಿದ ಮೇಲೆ ನಮ್ಮಿಬ್ಬರ ಮಾತುಕತೆ ಕಾಗದದಲ್ಲೇ. ಈಗ ಚಳಿಗಾಲವಿಡೀ ಆ ಮುಚ್ಚಿದ ಮೀನಿನ ಕಾರ್ಖಾನೆಯ ಕಾವಲಿಗೆ ಕೂತಿದ್ದೀಯಲ್ಲ, ಅದಕ್ಕೂ ವಾರಕ್ಕೊಂದು ವಿಮಾನದ ದಯೆ ಬೇಕು.

ಸಿಗ್ನೆಗೆ ಏಳು ತಿಂಗಳು ತುಂಬಿತು. ನಿದ್ದೆ ಎಂಬ ವಸ್ತುವನ್ನು ನಿನ್ನ ಮೊಮ್ಮಗಳು ಇನ್ನೂ ಕಂಡುಹಿಡಿದಿಲ್ಲ. ಅವಳು ಅತ್ತರೆ ಯಾಕೆ ಅಳುತ್ತಾಳೆಂದು ಹೆದರುತ್ತೇನೆ. ಸುಮ್ಮನಾದರೆ ಯಾಕೆ ಸುಮ್ಮನಾದಳೆಂದು ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತೇನೆ. ನಿನ್ನ ಅಳಿಯ ಡೆರಿಕ್ ಏಡಿ ಹಿಡಿಯಲು ಹೋದವನು ಶನಿವಾರ ಬರುತ್ತಾನಂತೆ. ಯಾವ ಶನಿವಾರ ಎಂದು ಹೇಳಿಲ್ಲ.

ಇನ್ನೊಂದು ಸುದ್ದಿ. ನಾನೀಗ ಊರ ಸಭೆಯ ಸದಸ್ಯೆ. ನಗಬೇಡ. ಆ ಸ್ಥಾನಕ್ಕೆ ಯಾರೂ ನಿಂತಿರಲಿಲ್ಲ, ಜನ ಮತಪತ್ರದ ಖಾಲಿ ಗೆರೆಯ ಮೇಲೆ ತೋಚಿದ ಹೆಸರು ಬರೆದರು. ನನ್ನ ಹತ್ತಿರದ ಪ್ರತಿಸ್ಪರ್ಧಿ ಬಂದರಿನ ನಾಯಿ. ಅದು ಸೋತದ್ದಕ್ಕೆ ಊರಲ್ಲಿ ಇನ್ನೂ ಬೇಸರವಿದೆ.

ಈಗ ವಿಷಯಕ್ಕೆ ಬರುತ್ತೇನೆ. ಶಾಲೆಯ ಸಾಲದಲ್ಲಿ ರಾಜ್ಯ ಈ ವರ್ಷವೂ ತನ್ನ ಪಾಲು ಕೊಟ್ಟಿಲ್ಲ.

ನೆನಪಿದೆಯಾ? ನಾನಾಗ ಹತ್ತನೆಯ ತರಗತಿ. ಊರು ಬಾಂಡ್ ಸಾಲ ಎತ್ತಿ ಹೊಸ ಶಾಲೆ ಕಟ್ಟಲಿ, ವರ್ಷವರ್ಷದ ಕಂತಿನಲ್ಲಿ ಹತ್ತಕ್ಕೆ ಏಳು ಪಾಲನ್ನು ರಾಜ್ಯ ತುಂಬಿಕೊಡುತ್ತದೆ ಎಂಬ ಮಾತಿತ್ತು. ನಾನು ಮನೆಮನೆಗೆ ಹೋಗಿ 'ಬೇಕು' ಎನ್ನಿ ಎಂದು ಹೇಳಿಬಂದೆ. ನೀನು ಒಂದು ಹಲಗೆಗೆ ದೋಣಿಯ ಬಣ್ಣ ಬಳಿದು 'ಬೇಡ' ಎಂದು ಬರೆದು ನಮ್ಮ ಅಂಗಳದಲ್ಲೇ ನೆಟ್ಟೆ. ನನ್ನ 'ಬೇಕು' ಅದರ ಪಕ್ಕದಲ್ಲಿ. "ಕಾಯಿದೇಲಿ 'ಹಣವಿದ್ದರೆ' ಅಂತ ಒಂದು ಮಾತಿದೆ ಮಗಳೇ. ಎಣ್ಣೆ ಬೆಲೆ ಇಳಿದ ದಿನ ಆ ಮಾತು ಎದ್ದು ನಿಲ್ತದೆ ನೋಡು" ಎಂದಿದ್ದೆ. ನಾನು ಗೆದ್ದೆ. ಶಾಲೆ ಎದ್ದಿತು. ಎಣ್ಣೆ ಬೆಲೆ ಇಳಿಯಿತು. ಆ ಮಾತೂ ಎದ್ದು ನಿಂತಿತು.

ಸಾಲಕೊಟ್ಟವರಿಗೆ ರಾಜ್ಯದ ಕಥೆ ಬೇಡ, ಕಂತು ಬೇಕು. ಹಾಗಾಗಿ ಊರಿನ ಮುಂದೆ ಎರಡೇ ದಾರಿ: ಶಾಲೆಯ ಈಜುಕೊಳ ಮುಚ್ಚಿ ಅದರ ಖರ್ಚು ಉಳಿಸುವುದು, ಇಲ್ಲವೇ ಎಲ್ಲರ ಮನೆ ತೆರಿಗೆ ಏರಿಸುವುದು. ಸಭೆಯಲ್ಲಿ ಏಳು ಜನ. ಮೂವರು ಆ ಕಡೆ, ಮೂವರು ಈ ಕಡೆ. ಏಳನೆಯವಳು ನಾನು, ಎಡಗೈಯಲ್ಲಿ ಮಗು ಹಿಡಿದುಕೊಂಡು. ತೀರ್ಮಾನ ಏಪ್ರಿಲ್‌ನಲ್ಲಿ.

ತೆರಿಗೆ ಏರಿದರೆ ನಿನ್ನ ಮನೆಗೂ ಏರುತ್ತದೆ, ಬೇಡ ಎಂದವನ ಮನೆಗೆ. ಕೊಳ ಮುಚ್ಚಿದರೆ ಸುತ್ತಲೂ ನೀರಿರುವ ಈ ಊರಲ್ಲಿ ಸಿಗ್ನೆ ಈಜು ಬಾರದೆ ಬೆಳೆಯುತ್ತಾಳೆ. ನೀನಾಗಿದ್ದರೆ ಏನು ಮಾಡುತ್ತಿದ್ದೆ, ಬರೆ. 'ನಾನು ಹೇಳಿರಲಿಲ್ವಾ' ಎನ್ನಬೇಕಿದ್ದರೆ ಅದನ್ನೂ ಬರೆದು ಮುಗಿಸು.

ನಿನ್ನ ಮಗಳು,
ಥೋರಾ

*

ಸ್ಕೇಟ್ ಕೋವ್
ಡಿಸೆಂಬರ್ 9

ಮಗಳೇ,

ಕಾಗದ ತಲುಪಿತು. ಜೊತೆಗೆ ಕಳಿಸಿದ ಕಾಫಿಪುಡಿಯೂ. ಉಣ್ಣೆಯ ಕಾಲುಚೀಲ ಚಿಕ್ಕದಾಯಿತು, ಬಲಗಾಲಿಗೆ ಮಾತ್ರ.

ಇಲ್ಲಿ ಹಿಮ ಸೊಂಟದ ತನಕ. ದಿನಾ ಬೆಳಗ್ಗೆ ಡಬ್ಬಿ ತುಂಬುವ ಮನೆಯ ಮಾಡು ಹತ್ತಿ ಹಿಮ ತಳ್ಳುತ್ತೇನೆ. ಪೂರ್ತಿ ತಳ್ಳುವಷ್ಟರಲ್ಲಿ ತಳ್ಳಿದ ಕಡೆ ಮತ್ತೆ ಬಿದ್ದಿರುತ್ತದೆ. ಹಳೆಯ ಮಾಡು, ಮೂರು ಕಡೆ ಸೋರುತ್ತದೆ. ಒಂದು ನೀರುನಾಯಿ ಕಟ್ಟೆಯ ಕೆಳಗೆ ಬಿಡಾರ ಹೂಡಿದೆ. ಬಾಡಿಗೆ ಕೊಡುವ ಲಕ್ಷಣವಿಲ್ಲ.

ಮಗುವಿನ ನಿದ್ದೆಯ ವಿಷಯ. ನೀನೂ ಹಾಗೇ ಇದ್ದೆ. ನಿಮ್ಮಮ್ಮ ನಿನ್ನನ್ನು ಮೀನಿನ ಪೆಟ್ಟಿಗೆಯಲ್ಲಿ ಹಾಕಿ ಎಂಜಿನ್ ಕೋಣೆಯ ಮುಚ್ಚಳದ ಮೇಲೆ ಇಡುತ್ತಿದ್ದಳು. ಎಂಜಿನ್ ನಿಲ್ಲಿಸಿದ ಕೂಡಲೇ ಎದ್ದು ಕಿರುಚುತ್ತಿದ್ದೆ. ಮೌನ ನಮ್ಮ ಮನೆಯವರಿಗೆ ಆಗಿಬರುವುದಿಲ್ಲ. ಅವಳನ್ನು ಗದ್ದಲವಿರುವ ಕಡೆ ಕರೆದುಕೊಂಡು ಹೋಗು.

ನನಗೆ ಈಜು ಬರುವುದಿಲ್ಲ. ನಮ್ಮಪ್ಪನಿಗೂ ಬರುತ್ತಿರಲಿಲ್ಲ. "ಈ ತಣ್ಣೀರಲ್ಲಿ ಈಜು ಬಂದೋನು ನಿಧಾನಕ್ಕೆ ಸಾಯ್ತಾನೆ, ಅಷ್ಟೇ ವ್ಯತ್ಯಾಸ" ಎನ್ನುತ್ತಿದ್ದ. ಅವನು ಬೇಗ ಹೋದ.

ಬಂದರಿನ ನಾಯಿಗೆ ನನ್ನ ಸಾಂತ್ವನ ತಿಳಿಸು.

ಅಪ್ಪ,
ಆಸ್ಮುಂಡ್ ವಿಕ್

*

ಟರ್ನ್ ಹಾರ್ಬರ್
ಜನವರಿ 27

ಅಪ್ಪ,

ನೀರುನಾಯಿಯ ಬಗ್ಗೆ ಬರೆದೆ, ಕಾಲುಚೀಲದ ಬಗ್ಗೆ ಬರೆದೆ, ಕೇಳಿದ್ದನ್ನೊಂದು ಬಿಟ್ಟು ಎಲ್ಲವನ್ನೂ ಬರೆದೆ. ಆರು ವಾರ ಉತ್ತರ ಬರೆಯದೆ ಇದ್ದದ್ದು ಸಿಟ್ಟಿನಿಂದ. ಹವೆಯಿಂದ ಅಲ್ಲ.

ನಿನ್ನ ಮದ್ದು ಮಾತ್ರ ಹಿಡಿಯಿತು. ಸಿಗ್ನೆಯನ್ನು ಶಾಲೆಯ ಕೊಳದ ದಡಕ್ಕೆ ಕರೆದೊಯ್ದೆ. ಆರನೆಯ ತರಗತಿಯವರ ಪಾಠ ನಡೆದಿತ್ತು. ಸಮುದ್ರದಲ್ಲಿ ದೋಣಿ ಮಗುಚಿದರೆ ತೊಡುವ ಆ ಕೆಂಪು ರಬ್ಬರ್ ಉಡುಗೆಯನ್ನು ಮಾಸ್ತರು ಸೀಟಿ ಊದಿದ ಕೂಡಲೇ ಎಳೆದುಕೊಂಡು, ಮೂಗು ಹಿಡಿದು, ಧುಮುಕಬೇಕು. ಅಷ್ಟೂ ಮಕ್ಕಳು ಬೆಂದ ಏಡಿಗಳಂತೆ ನೀರಿನ ಮೇಲೆ ಅಂಗಾತ ತೇಲುತ್ತ, ಒಬ್ಬರ ಕಾಲನ್ನು ಇನ್ನೊಬ್ಬರ ಕಂಕುಳಲ್ಲಿ ಸಿಕ್ಕಿಸಿ ಸರಪಳಿ ಕಟ್ಟಿದರು. ಕಿರುಚಾಟ ಮಾಡಿಗೆ ಬಡಿದು ಬೀಳುತ್ತಿತ್ತು. ನಿನ್ನ ಮೊಮ್ಮಗಳು ನನ್ನ ಹೆಗಲ ಮೇಲೆ ಗೊರಕೆ ಹೊಡೆದಳು! ನಾನು ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ನಿದ್ದೆಗೆಟ್ಟವರು ಯಾವುದಕ್ಕೆ ಅಳುತ್ತಾರೆಂದು ಅವರಿಗೇ ಗೊತ್ತಿರುವುದಿಲ್ಲ.

ಕಳೆದ ವಾರ ಶಾಸನಸಭೆಯ ಸಮಿತಿ ಫೋನಿನಲ್ಲಿ ಊರೂರಿನವರ ಅಹವಾಲು ಕೇಳಿತು. ಇಷ್ಟು ವರ್ಷ ತಡೆಹಿಡಿದ ಶಾಲಾ ಸಾಲದ ಪಾಲನ್ನು ಒಟ್ಟಿಗೆ ತುಂಬಿಕೊಡಬೇಕೆಂಬ ಮಸೂದೆ. ಒಬ್ಬೊಬ್ಬರಿಗೆ ಎರಡು ನಿಮಿಷ. ನಾನು ಬಾಯಿ ತೆರೆದದ್ದೇ ತಡ, ಸಿಗ್ನೆಯೂ ತೆರೆದಳು.

ಅಧ್ಯಕ್ಷರು, "ಹಿಂದೆ ಮಾತಾಡ್ತಿರೋರು ಯಾರು? ಅವರ ಹೆಸರು ನನ್ನ ಹತ್ರ ಇಲ್ವಲ್ಲ" ಎಂದರು.

"ಸಿಗ್ನೆ ಅಂತ ಸರ್, ಟರ್ನ್ ಹಾರ್ಬರ್‌ನವಳೇ. ಈ ಸಾಲದ ಕೊನೇ ಕಂತು ಕಟ್ಟೋ ಹೊತ್ತಿಗೆ ಅವಳು ಅದೇ ಶಾಲೇಲಿ ಓದ್ತಿರ್ತಾಳೆ."

"ಹಾಗಾದ್ರೆ ಅವರಿಗೂ ಹಕ್ಕಿದೆ. ಇಬ್ಬರೂ ಮುಂದುವರಿಸಿ."

ಮುಂದುವರಿಸಿದೆವು. ಬರೆದಿಟ್ಟುಕೊಂಡದ್ದು ಒಂದೂ ಕಾಣಲಿಲ್ಲ. "ನಮ್ಮ ಪಾಲು ನಾವು ಒಂದು ದಿನ ತಡ ಮಾಡದೆ ಕಟ್ಟಿದೀವಿ. ನಿಮ್ಮ ಪಾಲನ್ನೂ ನಾವೇ ಕಟ್ಟಿದೀವಿ. ವಾಪಸ್ ಕೇಳೋಕೆ ನಮಗೆ ನಾಚಿಕೆ ಇಲ್ಲ" ಎಂದೆ. ಅಷ್ಟರಲ್ಲಿ ಗಂಟೆ ಹೊಡೆಯಿತು.

ಮರುದಿನ ಅಂಚೆ ಮನೆಯಲ್ಲಿ ಎಲ್ಲರ ಮುಂದೆ ವರ್ನಾ ಹೇಳಿದ್ದು: "ವಿಕ್ ಮನೇವ್ರ ಕಥೆ ನೋಡಿ. ಅಪ್ಪ ಬೇಡ ಅಂದ, ಮಗಳು ಬೇಕು ಅಂದ್ಲು, ಬಿಲ್ ಮಾತ್ರ ನಮ್ಮೆಲ್ಲರ ಮನೆಗೆ ಬಂತು." ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಆ ಮಾತು ಚುಚ್ಚಿತು. ಅವಳ ಮನೆ ತೆರಿಗೆ ಏರಿಸುವ ಕೈ ನನ್ನದಾಗುತ್ತದಲ್ಲ. ಹತ್ತನೆಯ ತರಗತಿಯಲ್ಲಿ ಅವಳ ಬಾಗಿಲನ್ನೇ ನಾನು ಮೊದಲು ತಟ್ಟಿದ್ದು.

ಮತ್ತೆ ಕೇಳುತ್ತೇನೆ. ನೀನಾಗಿದ್ದರೆ?

ಥೋರಾ

*

ಸ್ಕೇಟ್ ಕೋವ್
ಮಾರ್ಚ್ 2

ಮಗಳೇ,

ಸಭೆ ಯಾವ ದಿನ, ಎಷ್ಟು ಹೊತ್ತಿಗೆ ಎಂದು ತಿಳಿಸು.

ರೇಡಿಯೊದ ಬ್ಯಾಟರಿ ಬದಲಾಯಿಸಿದೆ. ತಂತಿಯನ್ನು ನೀರಿನ ತೊಟ್ಟಿಯ ಮೇಲಕ್ಕೆ ಏರಿಸಿ ಕಟ್ಟಿದ್ದೇನೆ. ಚಳಿಗಾಲದಲ್ಲಿ ಮಾಡಲು ಬೇರೆ ಕೆಲಸವೂ ಇರಲಿಲ್ಲ.

ನೀರುನಾಯಿ ಮರಿ ಹಾಕಿದೆ.

ಅಪ್ಪ

*

ಟರ್ನ್ ಹಾರ್ಬರ್
ಏಪ್ರಿಲ್ 7

ಅಪ್ಪ,

ನಿನ್ನೆ ನೀನು ರೇಡಿಯೊ ಆರಿಸಿದ ಮೇಲೆ ಇಲ್ಲಿ ಏನಾಯಿತೆಂದು ನಿನಗೆ ಗೊತ್ತಿಲ್ಲ. ಅದಕ್ಕೇ ಮೊದಲಿನಿಂದ ಬರೆಯುತ್ತೇನೆ, ಕೂತು ಓದು.

ಸಭೆಯನ್ನು ಹೆರಿಂಗ್ ಮೀನು ಬರುವ ವಾರದಲ್ಲೇ ಇಟ್ಟುಕೊಂಡೆವು. ಇಂಥ ತಪ್ಪನ್ನು ಇದೇ ಊರಲ್ಲಿ ಹುಟ್ಟಿದವರು ಮಾತ್ರ ಮಾಡಬಲ್ಲರು. ಹೊರಗಿನವರಾಗಿದ್ದರೆ ಯಾರನ್ನಾದರೂ ಕೇಳಿ ದಿನ ಗೊತ್ತುಮಾಡುತ್ತಿದ್ದರು. ನಾವು, ನಮಗೆ ಗೊತ್ತಿಲ್ಲದ್ದೇನು, ಇನ್ನೂ ನೀರು ತಣ್ಣಗಿದೆ, ಮೀನು ಮುಂದಿನ ವಾರ ಎಂದುಕೊಂಡು ಇಟ್ಟೆವು. ಮಧ್ಯಾಹ್ನ ಮೀನುಗಾರಿಕೆ ಇಲಾಖೆ ಸಾರಿತು: ಎರಡೇ ಗಂಟೆಯಲ್ಲಿ ಬಲೆ ಹಾಕಬಹುದು. ಬಂದರು ಖಾಲಿ. ಡೆರಿಕ್ ಬಾಯಲ್ಲಿ ಬ್ರೆಡ್ಡು ಕಚ್ಚಿಕೊಂಡೇ ಓಡಿದ. ಸಂಜೆ ಶಾಲೆಯ ಆಟದ ಮನೆಯಲ್ಲಿ ಉಳಿದವರು ಹೆಂಗಸರು, ಮುದುಕರು, ಮಕ್ಕಳು ಮತ್ತು ಬಂದರಿನ ನಾಯಿ.

ಸಭೆ ಮುಂದೂಡೋಣ ಎಂದು ಒಬ್ಬರು. ಆಯವ್ಯಯದ ಗಡುವು ಬಂದಿದೆ, ಆಗದು ಎಂದು ಇನ್ನೊಬ್ಬರು. ದೋಣಿಯಲ್ಲಿರೋರ ಮನೆಗೂ ತೆರಿಗೆ ಬೀಳುತ್ತೆ, ಅವರ ಬೆನ್ನ ಹಿಂದೆ ಹೇಗೆ ತೀರ್ಮಾನ ಮಾಡೋದು ಎಂದು ಕೂಗಾಟ. ಕೊನೆಗೆ ಮೇಯರ್ ಹೆಡ್ವಿಗ್ ಎದ್ದು, "ಅವರು ಇಲ್ಲಿಗೆ ಬರೋಕಾಗಲ್ಲ, ಸಭೆ ಅಲ್ಲಿಗೆ ಹೋಗೋಕಾಗುತ್ತೆ" ಎಂದು ಬಂದರು ಕಚೇರಿಯ ರೇಡಿಯೊವನ್ನೇ ಹೊತ್ತು ತರಿಸಿದಳು. ಬ್ಯಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ಮೇಜು ಹಾಕಿ ಇಟ್ಟೆವು. ಬಲೆ ಎಳೆದು ಲಂಗರು ಹಾಕಿದ್ದ ದೋಣಿಗಳು ಒಂದೊಂದಾಗಿ ಮಾತಾಡಿದವು.

ಒಬ್ಬ, "ಕೊಳ ಮುಚ್ಚಿ, ನಮ್ಮಪ್ಪ ಸಮುದ್ರದಲ್ಲೇ ಕಲಿತದ್ದು" ಎಂದ. ಅವನ ಹೆಂಡತಿ ಇಲ್ಲಿಂದ, "ನಿಮ್ಮಪ್ಪ ಎರಡು ಸಲ ಮುಳುಗಿ ಬೇರೆಯವರ ಕೈಲಿ ಎತ್ತಿಸ್ಕೊಂಡದ್ದು. ಅದನ್ನೂ ಹೇಳಿ!" ಎಂದಳು. ತೆರಿಗೆ ಏರಿದ್ರೆ ನಾನು ದೋಣಿ ಮಾರಬೇಕು ಎಂದ ಇನ್ನೊಬ್ಬ. ಅದಕ್ಕೆ ಯಾರೂ ನಗಲಿಲ್ಲ, ಅವನು ಸುಳ್ಳು ಹೇಳುವವನಲ್ಲ. ನಾನು ಲೆಕ್ಕ ಹಾಕುತ್ತಿದ್ದೆ. ಸಭೆ ಎರಡು ಹೋಳಾಗಿ ಕೂತಿತ್ತು. ಎರಡೂ ಕಡೆಯವರು ನನ್ನ ಮುಖವನ್ನೇ ನೋಡುತ್ತಿದ್ದರು.

ಆಗ 'ಪೆಟ್ರೆಲ್' ದೋಣಿಯಿಂದ ರೋಸ್ಕೋ ಟಿಬೆಟ್‌ನ ದನಿ: "ತಡೀರಿ, ತಡೀರಿ. ಸ್ಕೇಟ್ ಕೋವ್ ಕಡೆಯಿಂದ ಯಾರೋ ಕೂಗ್ತಿದಾರೆ. ನಿಮಗೆ ಕೇಳ್ಸಲ್ಲ, ದೂರ. ನನಗೆ ಕೇಳ್ತಿದೆ. ಅಯ್ಯೋ ದೇವರೇ, ಆಸ್ಮುಂಡ್ ವಿಕ್! ಇವನಿಗೆ ನಾನು ಬಾಯಾಗ್ಬೇಕಾ?"

ಅಪ್ಪ, ಸಭೆಯಲ್ಲಿ ಎಲ್ಲರೂ ರೇಡಿಯೊ ಕಡೆ ಕತ್ತು ಚಾಚಿದರು. ನಿನ್ನ ಬಲೆಯ ಮೇಲೆ ಅವನು ಬಲೆ ಬಿಟ್ಟ ದಿನದಿಂದ ನಿಮ್ಮಿಬ್ಬರಿಗೆ ಮಾತಿಲ್ಲ ಎಂಬುದು ಈ ಊರಿನ ಪಾಠಪುಸ್ತಕದಲ್ಲಿರುವ ಸಂಗತಿ.

ಅವನು ನಿನ್ನ ಮಾತನ್ನು ಒಂದೊಂದೇ ತುಂಡಾಗಿ ದಾಟಿಸಿದ. ನೀನು ಹೇಳಿದ್ದು ಹೀಗೆ ಬಂದು ತಲುಪಿತು:

"ಅವನು ಹೇಳ್ತಾನೆ, ನಾನು ಬೇಡ ಅಂತ ಓಟು ಹಾಕಿದೆ. ಅವನು ಹೇಳ್ತಾನೆ, ಇವತ್ತು ಕೇಳಿದ್ರೂ ಬೇಡ ಅಂತಲೇ ಹಾಕ್ತೀನಿ. ಇದು ಅವನ ಮಾತು, ನಂದಲ್ಲ, ನನ್ನ ಮೇಲೆ ಎಗರಬೇಡಿ."

ಎಲ್ಲರೂ ನಕ್ಕರು. ನಾನು ಸಿಗ್ನೆಯನ್ನು ಎಡಗೈಗೆ ಬದಲಾಯಿಸಿಕೊಂಡೆ.

"ಅವನು ಹೇಳ್ತಾನೆ, ಓಟು ಎಣಿಸಿ ಮುಗಿದ ಮೇಲೆ ಅದು ನನ್ನ ಸಾಲವೂ ಆಯ್ತು. ಸೋತವನು ಅಂತ ನನ್ನ ಪಾಲಲ್ಲಿ ಕಮ್ಮಿ ಮಾಡಿ ಅಂತ ನಾನು ಕೇಳಿಲ್ಲ. ಪ್ರತಿ ವರ್ಷ ಕಟ್ಟಿದೀನಿ. ಅವನು ಹೇಳ್ತಾನೆ... ಸ್ವಲ್ಪ ನಿಧಾನಕ್ಕೆ ಹೇಳಯ್ಯಾ, ನಾನೇನು ಗಿಳಿಯಾ... ಅವನು ಹೇಳ್ತಾನೆ, ಮಾತು ಕೊಟ್ಟವರು ತಪ್ಪಿದ್ರು. ಮಾತೇ ಕೊಡದೆ ಬೇಡ ಅಂದ ನಾವು ತಪ್ಪಲಿಲ್ಲ. ಅದು ನಮ್ಮ ಊರು. ಕೊಳ ಮುಚ್ಚಬಹುದು, ಕೊಳದ ಸಾಲ ಮುಚ್ಚೋಕಾಗಲ್ಲ. ಕಂತು ಕಟ್ತಿರೋ ದೋಣೀನ ದಡಕ್ಕೆ ಎಳೆದು ಕೂತ್ಕೊಳ್ಳೋನು ಮೀನುಗಾರನಾ? ಅವನು ಹೇಳ್ತಾನೆ, ನನ್ನ ಮನೆ ತೆರಿಗೆ ಏರಿಸಿ. ಮುಗೀತು ಅಂತಾನೆ."

ರೇಡಿಯೊ ಬರೀ ಗರಗರ ಎಂದಿತು. ನೀನು ರೇಡಿಯೊ ಆರಿಸಿದ್ದು ಇಲ್ಲೇ. ಇನ್ನು ಮುಂದಿನದು ನಿನಗಾಗಿ.

ಆಮೇಲೆ ರೋಸ್ಕೋ ಗಂಟಲು ಸರಿಮಾಡಿಕೊಂಡ: "ನನ್ನ ಮನೇದೂ ಏರಿಸಿ. ಇದು ಅವನ ಮಾತಲ್ಲ. ನಂದು."

ಆಮೇಲೆ ಒಂದೊಂದು ದೋಣಿ ತನ್ನ ಹೆಸರು ಹೇಳಿತು, ಅಷ್ಟೇ, ಬೇರೆ ಮಾತಿಲ್ಲ. ದೋಣಿ ಮಾರಬೇಕಾಗುತ್ತದೆ ಎಂದಿದ್ದವನು ಮಾತಾಡಲಿಲ್ಲ. ವರ್ನಾ ಎದ್ದು ನಿಂತು, "ಅವನ ದೋಣಿ ಹೋಗೋಕೆ ನಾವು ಬಿಡ್ತೀವಾ? ಅವನ ಮನೆ ತೆರಿಗೆಯ ಈ ವರ್ಷದ ಹೆಚ್ಚಳ ಚರ್ಚಲ್ಲಿ ಬೆಳಗಿನ ತಿಂಡಿ ಮಾರಿದ ದುಡ್ಡಿಂದ ಬರುತ್ತೆ. ನಾನೇ ಪ್ಯಾನ್‌ಕೇಕ್ ಹಿಟ್ಟು ಕಲಸ್ತೀನಿ, ತಿನ್ನೋಕೆ ಎಲ್ಲರೂ ಬರ್ಬೇಕು, ಗೊಣಗ್ದೆ!" ಎಂದಳು. ನನ್ನ ಕಡೆ ತಿರುಗಿ, "ನೋಡ್ತಾ ಕೂತಿದೀಯಲ್ಲ, ಕೈ ಎತ್ತೇ ಹುಡುಗಿ" ಎಂದಳು.

ಎತ್ತಿದೆ. ನಾಲ್ಕು ಮೂರು ಆಗಬಹುದೆಂದುಕೊಂಡಿದ್ದೆ. ತಲೆ ಎತ್ತಿ ನೋಡಿದರೆ ಏಳರಲ್ಲಿ ಆರು ಕೈ ಮೇಲಿದ್ದವು. ಆ ಗದ್ದಲದಷ್ಟೂ ಹೊತ್ತು ಸಿಗ್ನೆ ನನ್ನ ಇನ್ನೊಂದು ಕೈಯಲ್ಲಿ ಮಲಗಿದ್ದಳು.

ನಾನು ಕೇಳಿದ್ದಕ್ಕೆ ನೀನು ಕಾಗದದಲ್ಲಿ ಉತ್ತರ ಕೊಡಲಿಲ್ಲ. ಊರಿನ ಮುಂದೆ ಕೊಟ್ಟೆ, ಅದೂ ರೋಸ್ಕೋನ ಬಾಯಲ್ಲಿ. ಇನ್ನು ಮೇಲೆ ಯಾರಾದರೂ 'ವಿಕ್ ಮನೆಯವರ ಕಥೆ' ಎಂದರೆ ಕುರ್ಚಿ ಎಳೆದು ಕೂತು ಕೇಳುತ್ತೇನೆ.

ನಿನ್ನ ಮಗಳು, ನಿನ್ನ ಮಗಳು,
ಥೋರಾ

*

ಸ್ಕೇಟ್ ಕೋವ್
ಏಪ್ರಿಲ್ 20

ಮಗಳೇ,

ಕಾಗದವನ್ನು ಎರಡು ಸಲ ಓದಿದೆ. ಅಕ್ಷರ ಚಿಕ್ಕದಾಗಿತ್ತು, ಅದಕ್ಕೆ.

ರೇಡಿಯೊವನ್ನು ತಗಡಿನ ಬಕೆಟ್ಟಿನೊಳಗಿಟ್ಟು ತಲೆಯನ್ನೂ ಒಳಗೆ ತೂರಿಸಿ ಕೂತಿದ್ದೆ. ಹಾಗೆ ಕೂತರೆ ಅಷ್ಟಿಷ್ಟು ಕೇಳುತ್ತದೆ. ರೋಸ್ಕೋ ನನ್ನ ಮಾತಲ್ಲಿ ಒಂದನ್ನು ಬಿಟ್ಟಿದ್ದಾನೆ. "ನನ್ನ ಮಗಳು ಅಲ್ಲಿ ಕೂತಿದ್ದಾಳೆ, ಅವಳನ್ನು ಹಾಗೆ ನೋಡಬೇಡಿ, ಅವಳು ಹದಿನಾರು ವರ್ಷದವಳಿದ್ದಾಗಲೇ ಈ ಊರನ್ನು ನಂಬಿದವಳು" ಎಂದಿದ್ದೆ. ಆ ಮಾತು ಅವನಿಗೆ ಕೇಳಿಸಲಿಲ್ಲವೋ, ಹೇಳಲಾಗಲಿಲ್ಲವೋ. ಅವನಿಗೂ ಮಗಳಿದ್ದಾಳೆ.

ಮೇ ತಿಂಗಳಲ್ಲಿ ಕಾವಲು ಮುಗಿದ ಕೂಡಲೇ ಮೀನು ಸಾಗಿಸುವ ದೋಣಿಯಲ್ಲಿ ಅಡುಗೆಗೆ ಹೋಗುತ್ತೇನೆ. ತೆರಿಗೆ ಏರಿದೆಯಲ್ಲ.

ಅಪ್ಪ

*

ಟರ್ನ್ ಹಾರ್ಬರ್
ಜೂನ್ 30

ಅಪ್ಪ,

ಇದನ್ನು ನಿನ್ನ ದೋಣಿಗೆ ಐಸು ಕೊಂಡೊಯ್ಯುವವನ ಕೈಲಿ ಕಳಿಸುತ್ತಿದ್ದೇನೆ, ಮೀನಿನ ವಾಸನೆ ಬಂದರೆ ಅವನನ್ನು ಬೈ.

ಬಂತು ಅಪ್ಪ. ರಾಜ್ಯದ ಈ ವರ್ಷದ ಪಾಲು ಮಾತ್ರವಲ್ಲ, ಇಷ್ಟು ವರ್ಷ ತಡೆಹಿಡಿದದ್ದೂ. ಎಣ್ಣೆ ಬೆಲೆ ಏರಿದೆ, ಶಾಸನಸಭೆ ಒಪ್ಪಿತು. ಆದರೆ ಗವರ್ನರ್ ಕೈಯಲ್ಲಿ ಆಯವ್ಯಯ ಪಟ್ಟಿಯ ಬೇಡದ ಸಾಲಿಗೆ ಗೆರೆ ಎಳೆದು ರದ್ದು ಮಾಡುವ ಪೆನ್ನು ಇದೆಯಲ್ಲ, ಎಷ್ಟು ಸಲ ಆ ಸಾಲಿನ ಮೇಲೇ ಎಳೆದದ್ದು! ವಾರವಿಡೀ ಅನ್ನ ಸೇರಲಿಲ್ಲ. ಮೊನ್ನೆ ಪಟ್ಟಿ ಹೊರಬಂತು. ನಮ್ಮ ಸಾಲಿನ ಮೇಲೆ ಗೆರೆ ಇಲ್ಲ.

ಮೇಯರ್ ಹೆಡ್ವಿಗ್ ಬಂದರಿನ ಸೈರನ್ ಊದಿಸಿದಳು. ಸುನಾಮಿ ಎಂದುಕೊಂಡು ಅರ್ಧ ಊರು ಗುಡ್ಡ ಹತ್ತಿತು. ವಿಷಯ ತಿಳಿದು ಗುಡ್ಡದ ಮೇಲೇ ಕುಣಿದರಂತೆ. ವರ್ನಾ ಅಂಚೆ ಮನೆಯ ಕಿಟಕಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದಾಳೆ: 'ರಾಜ್ಯ ತನ್ನ ಕಂತು ತಡವಾಗಿ ಕಟ್ಟಿತು. ನಾವು ಒಂದು ಸಲವೂ ತಡ ಮಾಡಿಲ್ಲ.' ಸರ್ಕಾರಿ ಕಟ್ಟಡದ ಮೇಲೆ ಇಂಥದ್ದೆಲ್ಲ ಅಂಟಿಸಬಾರದು ಎಂದೆ. "ಕಿತ್ತು ನೋಡು" ಎಂದಳು.

ಮನೆ ತೆರಿಗೆ ಮತ್ತೆ ಹಳೆಯ ಮಟ್ಟಕ್ಕೆ ಇಳಿಯುತ್ತದೆ. ಆ ನಿರ್ಣಯ ಮಂಡಿಸಿದ್ದು ನಾನು. ಏಪ್ರಿಲ್‌ನಲ್ಲಿ ಕೈ ಎತ್ತದೆ ಉಳಿದಿದ್ದ ಆ ಒಬ್ಬರು ಮೊದಲು ಕೈ ಎತ್ತಿದರು.

ಒಂದು ಕೋರಿಕೆ. ಸೆಪ್ಟೆಂಬರ್‌ನಿಂದ ಕೊಳದಲ್ಲಿ ಮಂಗಳವಾರ ಬೆಳಗ್ಗೆ ಹಿರಿಯರ ತರಗತಿ. ರೋಸ್ಕೋ ಹೆಸರು ಕೊಟ್ಟಿದ್ದಾನೆ. ಅವನಿಗೂ ಈಜು ಬರುವುದಿಲ್ಲವಂತೆ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ನೀನು ಕಾವಲಿಗೆ ಹಿಂದಿರುಗುವುದು ಅಕ್ಟೋಬರ್‌ನಲ್ಲಿ ತಾನೆ?

ಸಿಗ್ನೆ ಈಗ ಸತತವಾಗಿ ಐದು ಗಂಟೆ ಮಲಗುತ್ತಾಳೆ. ನನಗೇ ನಿದ್ದೆ ಬರುವುದಿಲ್ಲ. ಆದರೆ ಇದು ಬೇರೆ ತರಹದ ಎಚ್ಚರ.

ಥೋರಾ

*

ಸ್ಕೇಟ್ ಕೋವ್
ಅಕ್ಟೋಬರ್ 16

ಮಗಳೇ,

ಕ್ಷೇಮವಾಗಿ ಬಂದು ತಲುಪಿದೆ. ನೀರುನಾಯಿ ಸಂಸಾರ ಸಮೇತ ಇಲ್ಲೇ ಇದೆ. ಮಾಡು ಈಗ ನಾಲ್ಕು ಕಡೆ ಸೋರುತ್ತದೆ.

ಅಂಗಳದ ಕೊಟ್ಟಿಗೆಯಲ್ಲಿ ನನ್ನ 'ಬೇಡ' ಹಲಗೆ ಇದೆ. ಅದನ್ನು ಒಲೆಗೆ ಹಾಕಬೇಡ. ನಾನು ಬರೆದದ್ದು ತಪ್ಪಾಗಿರಲಿಲ್ಲ. ಅದರ ಹಿಂದೆ ನಿನ್ನ 'ಬೇಕು' ಹಲಗೆಯನ್ನೂ ಇಟ್ಟಿದ್ದೇನೆ, ಆಗಿನಿಂದಲೂ. ಅದೂ ತಪ್ಪಾಗಿರಲಿಲ್ಲ. ಸಿಗ್ನೆ ಓದಲು ಕಲಿತಾಗ ಎರಡನ್ನೂ ಒಟ್ಟಿಗೆ ತೋರಿಸು.

ಮಂಗಳವಾರಗಳ ಈಜು ಪಾಠವನ್ನು ನೀನು ದಡದಿಂದ ನೋಡಿದ್ದೀಯ. ನೋಡಲಾಗದ್ದನ್ನು ಹೇಳುತ್ತೇನೆ. ಕೊನೆಯ ಮಂಗಳವಾರ ಮಾಸ್ತರು ಬೆನ್ನ ಕೆಳಗಿನಿಂದ ಕೈ ತೆಗೆದದ್ದು ನನಗೆ ಗೊತ್ತಾಗಲಿಲ್ಲ. ಪಕ್ಕದಲ್ಲಿ ರೋಸ್ಕೋ ತಿಮಿಂಗಿಲದಂತೆ ಉಸಿರು ಬಿಡುತ್ತಿದ್ದ. ನೀನು ಮಗುವನ್ನು ಎತ್ತಿ ಹಿಡಿದು ಏನೋ ಕೂಗಿದೆ. ನನ್ನ ಕಿವಿ ನೀರಿನೊಳಗಿತ್ತು, ಹೊರಗಿದ್ದರೂ ಕೇಳುತ್ತಿರಲಿಲ್ಲ. ಅಂಗಾತ ತೇಲುತ್ತ ಮೇಲೆ ನೋಡಿದೆ. ಇಷ್ಟು ವರ್ಷ ಕಂತು ಕಟ್ಟಿದ ಮಾಡನ್ನು ಮೊದಲ ಸಲ ಮಲಗಿಕೊಂಡು ನೋಡಿದ್ದು. ಒಳ್ಳೆಯ ತೊಲೆ ಹಾಕಿದ್ದಾರೆ. ಕೀಲುಗಳು ಬಿಗಿಯಾಗಿವೆ. ಹೊರಗೆ ಜಡಿಮಳೆ, ಒಂದು ಹನಿ ಒಳಗೆ ಬೀಳಲಿಲ್ಲ.

ಸಾಲ ತೀರಲು ಇನ್ನೂ ಕೆಲವು ವರ್ಷ ಇದೆಯಲ್ಲ. ಅಷ್ಟರಲ್ಲಿ ಬೋರಲಾಗಿ ಈಜುವುದನ್ನೂ ಕಲಿಯುತ್ತೇನೆ.

ಅಪ್ಪ,
ಆಸ್ಮುಂಡ್ ವಿಕ್